ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದ ಹುಡುಗಿ

ಬೈಂದೂರಿನ ಹತ್ತಿರ ನಾನು ಕನ್ನಡ ಟೀಚರ್ ಆಗಿದ್ದಾಗ, ಶಾಲೆ ತಪ್ಪಿಸುವ ಮಕ್ಕಳನ್ನು ಹುಡುಕಿ ಕರೆತರಲು ಊರಿನವರೇ ಒಂದು ತಂಡ ಕಟ್ಟಿಕೊಂಡಿದ್ದರು. ಮನೆಮನೆಗೆ ಮೀನು ಮಾರುವ ಅಕ್ಕ ಒಬ್ಬರು ಅದರಲ್ಲಿದ್ದರು. ಅವರಿಗೆ ಗೊತ್ತಿಲ್ಲದ ಮನೆಯೇ ಇರಲಿಲ್ಲ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಂದು ವಾರದಿಂದ ಬಂದಿರಲಿಲ್ಲ. ಮನೆಯಲ್ಲಿ ಕೇಳಿದರೆ, ದಿನಾ ಯೂನಿಫಾರ್ಮ್ ಹಾಕಿಕೊಂಡು ಹೊರಡುತ್ತಾಳೆ ಎಂದರು. ಕೊನೆಗೆ ಅಕ್ಕನೇ ಅವಳನ್ನು ರೈಲ್ವೆ ಸ್ಟೇಷನ್ನಿನಲ್ಲಿ ಕಂಡು, ಬುಟ್ಟಿ ಇಳಿಸಿ, ಬೈಯದೆ ಪಕ್ಕದಲ್ಲಿ ಕೂತರಂತೆ. ಮಧ್ಯಾಹ್ನ ನನ್ನ ಹತ್ತಿರ ಬಂದರು.

“ಟೀಚ್ರೇ, ಆ ಹೆಣ್ಣಿಗ್ ಮಾತಾಡುವತಿಗೆ ನಾಲ್ಗಿ ತಡಿತ್ತ್. ನೀವ್ ಎದ್ದ್ ನಿಂತ್ ಓದು ಅಂದ್ರಿ, ಮಕ್ಕಳೆಲ್ಲ ನಗಾಡಿದ್ರ್. ಇನ್ನ್ ಎಂತಕ್ ಬತ್ತ್ ಅದ್?”

ನನಗೆ ನಾಚಿಕೆಯಾಯಿತು. ಅವತ್ತು ಆ ನಗು ಕೇಳಿಸಿಯೂ ನಾನು ಸುಮ್ಮನೆ ಮುಂದಿನವಳಿಗೆ ಓದಲು ಹೇಳಿದ್ದೆ. ಮರುದಿನ ಬೆಳಿಗ್ಗೆ ಅಕ್ಕನ ಜೊತೆ ಸ್ಟೇಷನ್ನಿಗೆ ಹೋಗಿ, “ತಪ್ಪು ನನ್ನದು, ಬಾ ಮಗಳೇ” ಎಂದೆ. ಅವಳು ಅಕ್ಕನ ಮುಖ ನೋಡಿದಳು.

“ಹೋಪ, ನಾನೂ ಬತ್ತೆ,” ಎಂದರು ಅಕ್ಕ.

ಅಂದಿನಿಂದ ಊಟದ ಬಿಡುವಿನಲ್ಲಿ ಅವಳು ನನಗೊಬ್ಬಳಿಗೇ ಪಾಠ ಓದಿ ಹೇಳುತ್ತಿದ್ದಳು. ಪದ ಹೊರಬರುವ ತನಕ ನಾನು ಕಾಯುತ್ತಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ, ಯಾರು ಓದುತ್ತೀರಿ ಎಂದು ಕೇಳಿದಾಗ ತರಗತಿಯಲ್ಲಿ ಅವಳೇ ಕೈ ಎತ್ತಿದಳು.