ಅತ್ತೆಯ ಎದುರಿನ ಗೋಡೆ

ಕಳೆದ ಭಾನುವಾರ ನಮ್ಮ ಅತ್ತೆ ನನ್ನನ್ನು ಬೈದರು. ಆ ಸಂತೋಷಕ್ಕೆ ಮನೆಯಲ್ಲಿ ಪಾಯಸ ಮಾಡಿದೆವು.

ಓದುಗರು ಹುಬ್ಬೇರಿಸಬೇಡಿ, ನನ್ನ ತಲೆ ನೆಟ್ಟಗಿದೆ. ಹೆಂಡತಿಯ ತಾಯಿಯಿಂದ ಬೈಸಿಕೊಳ್ಳುವುದು ಕೆಲವರಿಗೆ ನಿತ್ಯದ ಊಟ ಇದ್ದ ಹಾಗೆ. (ಅಂಥವರು ನಮ್ಮ ಬೀದಿಯಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ.) ನನಗೆ ಮಾತ್ರ ಮದುವೆಯಾದಾಗಿನಿಂದ ಆ ಭಾಗ್ಯ ಸಿಕ್ಕಿರಲಿಲ್ಲ. ಬೈಗುಳ ಹಾಗಿರಲಿ, ಅವರು ನನ್ನೊಡನೆ ನೇರವಾಗಿ ಒಂದು ಮಾತನ್ನೂ ಆಡಿದವರಲ್ಲ.

ಅವರು ನರಸೀಪುರದ ಕಡೆಯ ಬೇಸಾಯದ ಮನೆಯವರು. ಅಳಿಯ ಬಂದರೆ ಬಾಗಿಲ ಹಿಂದೆ ನಿಲ್ಲುವ ಕಾಲದವರು. ನನಗೆ ಹೇಳಬೇಕಾದದ್ದನ್ನೆಲ್ಲ ಮಗಳಿಗೆ ಹೇಳುತ್ತಾರೆ, ನಾನು ಎದುರಿಗೇ ಕೂತಿದ್ದರೂ ಸರಿಯೆ.

"ಅಳಿಯಂದ್ರು ಊಟಕ್ಕೆ ಏಳ್ಲಿ ಅನ್ನವ್ವ."

ನನ್ನ ಹೆಂಡತಿ ಜಯ ನನ್ನ ಕಡೆ ತಿರುಗಿ "ಊಟಕ್ಕೆ ಏಳಬೇಕಂತೆ" ಅನ್ನುತ್ತಾಳೆ. ನಾನು "ಬಂದೆ ಅಂತ ಹೇಳು" ಅನ್ನುತ್ತೇನೆ. ಅವಳು ಆ ಕಡೆ ತಿರುಗಿ "ಬಂದ್ರಂತೆ" ಅನ್ನುತ್ತಾಳೆ. ಮೂರು ಜನರೂ ಒಂದೇ ಕೋಣೆಯಲ್ಲಿ! ಟ್ರಂಕ್ ಕಾಲ್ ಆದರೂ ಇದಕ್ಕಿಂತ ಬೇಗ ಸಿಕ್ಕೀತು.

ಮುಂಗಾರು ಶುರುವಾಗುವ ಹೊತ್ತಿಗೆ ಅತ್ತೆ ತಮ್ಮೂರಿನ ಮನೆಯ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿ ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಕರೆತಂದೆವು. ಅಳಿಯನ ಮನೆಯಲ್ಲಿ ಮಂಚ ಹಿಡಿದು ಮಲಗುವುದೆಂದರೇನು? ಕಾಲಿನ ನೋವಿಗಿಂತ ಅವರಿಗೆ ಇದೇ ದೊಡ್ಡ ನೋವಾಯಿತು. ಕಾಫಿ? ಬೇಡ. ಇನ್ನೊಂದು ಚೂರು ಮುದ್ದೆ? ಬೇಡ. ಹೊದಿಕೆ? ಬೇಡ. ಬಾಯಾರಿದರೂ ನೀರು ಕೇಳುತ್ತಿರಲಿಲ್ಲ. ಜಯ ತಾನಾಗಿ ತಂದಾಗ ಎರಡು ಗುಟುಕು ಕುಡಿಯುತ್ತಿದ್ದರು.

ಪ್ಲಾಸ್ಟರ್ ಬಿಚ್ಚಿದ್ದೂ ಆಯಿತು. ಡಾಕ್ಟರು ಕಾಲನ್ನು ಒತ್ತಿ ನೋಡಿ, "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ನಡೆಸಿ. ಈಗ ಏಳದೆ ಹೋದರೆ ಆಮೇಲೆ ಏಳುವುದಕ್ಕೇ ಆಗುವುದಿಲ್ಲ" ಅಂದರು. ಜಯ ಕೈ ಹಿಡಿದು ಎಬ್ಬಿಸಲು ಹೋದಳು. ಅತ್ತೆ ಅಂದದ್ದು ಒಂದೇ ಮಾತು.

"ಎದ್ದು ಎಲ್ಲಿಗೋಗ್ಬೇಕವ್ವ ನಾನು?"

ಇದಕ್ಕೆ ಮದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ? ಜಯ ಒಲೆಯ ಮುಂದೆ ಕೂತು ಅತ್ತಳು. ಹೊಗೆ ಅಂದಳು. ನಾನೂ ಹೊಗೆಯೇ ಇರಬೇಕು ಅಂದೆ. ಒಳಗೊಳಗೇ ನನಗೂ ಹೆದರಿಕೆ ಹುಟ್ಟಿತ್ತು. ಎದ್ದು ಹೋಗಲು ಒಂದು ಜಾಗವಿಲ್ಲ ಅನ್ನಿಸಿದ ಮನುಷ್ಯ ಎಷ್ಟು ದಿನ ಇದ್ದಾನು?

ಅತ್ತೆ ದಿನವೆಲ್ಲ ಎದುರಿನ ಗೋಡೆ ನೋಡುತ್ತ ಮಲಗಿರುತ್ತಿದ್ದರು. ಆ ಗೋಡೆಯಾದರೂ ನೋಡುವ ಹಾಗಿತ್ತೆ? ಮಳೆಗಾಲದಲ್ಲಿ ಸೂರಿನಿಂದ ನೀರಿಳಿದು ಕಂದು ಕಲೆ, ಅಲ್ಲಲ್ಲಿ ಸುಣ್ಣ ಬಿಟ್ಟು ಹೊಪ್ಪಳೆ. ನಮ್ಮ ಮಕ್ಕಳು ಆ ಕಲೆ ಆನೆಯೋ ಎಮ್ಮೆಯೋ ಎಂದು ಜಗಳವಾಡುತ್ತಿದ್ದರು. ಆಗ ನನಗೆ ನೆನಪಾದದ್ದು ವಾಲ್‌ಪೇಪರ್.

ಅದರ ಕಥೆ ಹೇಳಿಬಿಡುತ್ತೇನೆ. ಸ್ವಾತಂತ್ರ್ಯ ಬಂದ ಮೇಲೆ ದೊರೆಗಳು ಹಡಗು ಹತ್ತಿದರು, ಅವರ ಬಂಗಲೆಗಳ ಸಾಮಾನು ಹರಾಜು ಹತ್ತಿತು. ಬುದ್ಧಿವಂತರು ಬೀರು ಕೊಂಡರು, ಊಟದ ಮೇಜು ಕೊಂಡರು. ನಾನು ಗೋಡೆಗೆ ಅಂಟಿಸುವ ಕಾಗದದ ಸುರುಳಿಗಳನ್ನು ಕೊಂಡು ಬಂದೆ. ತಿಳಿಹಸಿರು ಕಾಗದ, ಅದರ ತುಂಬ ಸಣ್ಣ ಬಳ್ಳಿ, ಬಳ್ಳಿಯಲ್ಲಿ ಅಲ್ಲಲ್ಲಿ ಒಂದು ಹಕ್ಕಿ. "ಇದನ್ನ ಏನು ಮಾಡ್ತೀರಿ?" ಎಂದು ಜಯ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸುರುಳಿಗಳು ಅಟ್ಟ ಸೇರಿದವು. (ಒಂದು ತುಂಡು ಮಾತ್ರ ನನ್ನ ಮಗಳ ಭೂಗೋಳದ ಪುಸ್ತಕಕ್ಕೆ ಹೊದಿಕೆಯಾಗಿದೆ.)

ಈಗ ಉತ್ತರ ಸಿಕ್ಕಿತು. ಅತ್ತೆಯ ಎದುರಿನ ಗೋಡೆಗೆ ಹಕ್ಕಿ ಬರಲಿ!

ಪ್ರತಿ ದಸರಾಕ್ಕೆ ನಮ್ಮ ಮನೆಗೆ ಸುಣ್ಣ ಹೊಡೆಯುವವನು ನಿಂಗಯ್ಯ. ಅವನಿಗೆ ಹೇಳಿ ಕಳಿಸಿದೆ. ಬಂದವನು ಕಾಗದ ನೋಡಿದ, ಗೋಡೆ ನೋಡಿದ, ತಲೆ ಕೆರೆದುಕೊಂಡ.

"ಇಷ್ಟ್ ಚೆಂದದ್ ಕಾಗ್ದನ ಈ ಕೊಳಕ್ ಗೋಡೆಗೆ ಅಂಟುಸ್ತೀರಾ ಬುದ್ಧಿ? ಮೊದ್ಲು ಒಂದ್ ಕೈ ಸುಣ್ಣ ಒಡೆದ್ಬುಡ್ತೀನಿ."

ನಾನು ಭೇಷ್ ಅಂದೆ. ಮೈಸೂರಿನವನಾಗಿ ಬೇರೆ ಏನು ಅಂದೇನು? ಯುಗಾದಿಗೆ ಸುಣ್ಣ, ದಸರಾಕ್ಕೆ ಸುಣ್ಣ, ಮದುವೆಗೆ ಸುಣ್ಣ, ಮಂತ್ರಿಗಳು ಬಂದರೆ ಅವರ ದಾರಿಯ ಕಲ್ಲಿಗೂ ಮರಕ್ಕೂ ಸುಣ್ಣ. ನಮ್ಮಲ್ಲಿ ಶುಭಕಾರ್ಯಕ್ಕೆ ಗಣಪತಿಗಿಂತ ಮೊದಲು ಸುಣ್ಣ ಬರುತ್ತದೆ. ನಿಂಗಯ್ಯ ಕಲೆಯ ಮೇಲೂ ಹೊಪ್ಪಳೆಯ ಮೇಲೂ ಬೆಳ್ಳಗೆ ಬಳಿದ. ಹೋಳಿಗೆಗೆಂದು ಇಟ್ಟಿದ್ದ ಮೈದಾವನ್ನು ಜಯ ಮನಸ್ಸಿಲ್ಲದ ಮನಸ್ಸಿನಿಂದ ಅಂಟು ಕಾಯಿಸಲು ಕೊಟ್ಟಳು. ಕಾಗದ ಏರಿತು. ಕೋಣೆಗೆ ಕೋಣೆಯೇ ಹಸಿರಾಯಿತು.

ಮಾರನೆಯ ದಿನ ಪಕ್ಕದ ಮನೆಯ ರಾಮರಾಯರನ್ನು ಕರೆದೆ. ರಿಟೈರ್ಡ್ ಪೋಸ್ಟ್‌ಮಾಸ್ಟರು, ಎಲ್ಲವನ್ನೂ ಹತ್ತಿರದಿಂದ ನೋಡುವ ಅಭ್ಯಾಸ. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, "ಆಹಾ, ಇಂಗ್ಲೆಂಡೇ ಬಂದ ಹಾಗಿದೆ ಕಣ್ರೀ!" ಅಂದರು.

ಪರ್ರ್ ಎಂದು ಸದ್ದಾಯಿತು. ಮೇಲಿನ ಅಂಚು ಬಿಟ್ಟಿತು, ಕಾಗದ ನಿಧಾನವಾಗಿ ಬಾಗಿ ರಾಮರಾಯರಿಗೆ ನಮಸ್ಕಾರ ಮಾಡಿತು, ಆಮೇಲೆ ಅವರನ್ನು ಪೂರ್ತಿ ಹೊದ್ದುಕೊಂಡಿತು. ಎಳೆದು ಬಿಡಿಸಿದಾಗ ರಾಯರು ಸುಣ್ಣದ ಗೊಂಬೆ. ಕಾಗದದ ಬೆನ್ನಿಗೆ ನಿಂಗಯ್ಯನ ಸುಣ್ಣವೆಲ್ಲ ಮೆತ್ತಿಕೊಂಡು ಬಂದಿತ್ತು. ಇಂಗ್ಲೆಂಡು ಇನ್ನೊಂದು ಸಲ ನಮ್ಮನ್ನು ಬಿಟ್ಟು ಹೋಯಿತು.

ಆಗ ಮಂಚದ ಕಡೆಯಿಂದ ಒಂದು ಸದ್ದು ಬಂತು. ತಿರುಗಿ ನೋಡಿದೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮುಂಗಾರಿನಿಂದೀಚೆಗೆ ಆ ಮುಖದ ಮೇಲೆ ನಾವು ನಗು ಕಂಡಿರಲಿಲ್ಲ. ಜಯ ಓಡಿ ಬಂದಳು. ಅತ್ತೆ ಅವಳಿಗೆ ಹೇಳಿದರು, ಅಂದರೆ ನನಗೆ ಹೇಳಿದರು:

"ಅಳಿಯಂದ್ರಿಗೆ ಏಳವ್ವ. ಒರಗುದ್ರೆ ಬೆನ್ನಿಗೆ ಬರೋ ಸುಣ್ಣ, ಕಾಗ್ದದ್ ಜೊತ್ಗೆ ಬರ್ದೆ ಇರ್ತದಾ? ಮೊದ್ಲು ಕೆರೀಬೇಕಾಗಿತ್ತು."

ಹೌದಲ್ಲವೇ! ಮೈಸೂರಿನ ಗೋಡೆಗೆ ಒರಗಿ ಎದ್ದವನ ಬೆನ್ನು ನೋಡದವರು ಯಾರಿದ್ದಾರೆ? ನನ್ನ ಕೋಟುಗಳೆಲ್ಲ ಅದಕ್ಕೆ ಸಾಕ್ಷಿ.

"ಇದು ಇವರಿಗೆ ಮೊದಲೇ ಗೊತ್ತಿತ್ತೇನು ಕೇಳು" ಅಂದೆ.

"ಗೊತ್ತಿತ್ತಂತೆ. ಬೆಳಿಗ್ಗೆಯಿಂದ ಮೇಲುಗಡೆ ಅಂಚು ಬಿಡ್ತಾ ಇದ್ದದ್ದು ಕಾಣ್ತಿತ್ತಂತೆ."

"ಮತ್ತೆ ಯಾಕೆ ಹೇಳಲಿಲ್ಲ?"

ಜಯ ತಾಯಿಯತ್ತ ಬಾಗಿ ಕೇಳಿ, ನನ್ನ ಕಡೆ ತಿರುಗಿ ಹೇಳಿದಳು. "ಅಳಿಯನ ಮನೆ ಗೋಡೆ, ನಾನು ಯಾರು ಹೇಳೋಕೆ ಅಂತೆ."

ಈ ಮಾತು ನನಗೆ ನಾಟಿತು. ಆದರೆ ನಗು ಬಂದಿತ್ತಲ್ಲ, ಅದನ್ನು ಬಿಡಲು ನಾನು ಸಿದ್ಧನಿರಲಿಲ್ಲ. ನಿಂಗಯ್ಯನನ್ನು ಮತ್ತೆ ಕರೆಸಿದೆ. ಮಂಚವನ್ನು ಬಾಗಿಲ ಹತ್ತಿರಕ್ಕೆ ಸರಿಸಿದೆವು. ದೂಳು, ಹಜಾರದಲ್ಲಿ ಮಲಗು ಎಂದು ಜಯ ಹೇಳಿದರೆ ಅತ್ತೆ "ಬೇಡ" ಅಂದರು. ಅದೇ ಹಳೆಯ ಶಬ್ದ. ಆದರೆ ಈ "ಬೇಡ"ದ ಬಣ್ಣ ಬೇರೆಯಾಗಿತ್ತು. ಅವರಿಗೆ ನೋಡಬೇಕಿತ್ತು.

ಗೋಡೆಗೆ ನೀರು ಎರಚಿ ನೆನೆಸಿದೆವು. ನಿಂಗಯ್ಯ ಕರಣೆ ಹಿಡಿದ, ನಾನು ಅಡಿಗೆಮನೆಯಿಂದ ದೋಸೆ ಮಗುಚುವ ಕೈ ತಂದೆ. (ಜಯಾಳಿಗೆ ಆಮೇಲೆ ಗೊತ್ತಾಯಿತು. ಆ ವಿಷಯ ಇಲ್ಲಿ ಬೇಡ.) ಕೆರೆದ ಹಾಗೆಲ್ಲ ಒಂದರ ಕೆಳಗೊಂದು ಸುಣ್ಣ ಬಂತು. ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಮತ್ತೆ ಬಿಳಿ, ಅದರ ಕೆಳಗೆ ಯಾವುದೋ ಮದುವೆಯ ಹಳದಿ. ನಿಂಗಯ್ಯ ಉಸ್ಸೆಂದ.

"ಎಲ್ಲಾ ನಾನೇ ಒಡ್ದಿದ್ದು ಬುದ್ಧಿ. ಇಷ್ಟ್ ದಸರಾನೂ ಒಂದ್ಸಲುಕ್ಕೇ ಕೆರೀಬೇಕಾಯ್ತಲ್ಲ!"

ಅತ್ತೆ ಮಲಗಿದ್ದಲ್ಲಿಂದಲೇ ಒಂದೊಂದಾಗಿ ಹೇಳಿ ಕಳಿಸತೊಡಗಿದರು. ಮಳೆ ಬಂದಾಗಲೆಲ್ಲ ಕಲೆ ಬೆಳೆಯುತ್ತಿತ್ತಂತೆ, ಆದ್ದರಿಂದ ಮೊದಲು ಹೆಂಚು ನೋಡಬೇಕಂತೆ. ಏಣಿ ಹತ್ತಿ ನೋಡಿದರೆ ಸರಿಯಾಗಿ ಅಲ್ಲೇ ಒಂದು ಹೆಂಚು ಸೀಳಿತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ಅಡ್ಡಡ್ಡ ಬೀಳುವಾಗ ನೋಡಿದರೆ ಗೋಡೆಯ ಉಬ್ಬು ತಗ್ಗೆಲ್ಲ ಕಾಣುತ್ತದಂತೆ. ನೋಡಿದೆ. ಮಧ್ಯಾಹ್ನ ನುಣ್ಣಗೆ ಕಾಣುವ ಗೋಡೆ ಬೆಳಿಗ್ಗೆ ಉತ್ತ ಹೊಲದ ಹಾಗಿತ್ತು! ತಿಂಗಳುಗಟ್ಟಲೆ ಆ ಗೋಡೆಯನ್ನಲ್ಲದೆ ಬೇರೇನನ್ನೂ ನೋಡದ ಕಣ್ಣು ಅದು. ಅವರು ಸುಮ್ಮನೆ ಮಲಗಿದ್ದಾರೆ ಎಂದು ನಾವು ಅಂದುಕೊಂಡಿದ್ದೆವು. ಅವರು ಗೋಡೆ ಓದುತ್ತಿದ್ದರು.

ತೊಂದರೆ ಇದ್ದದ್ದು ಟಪಾಲಿನಲ್ಲಿ. ಜಯ ಒಗ್ಗರಣೆ ಬಿಟ್ಟು ಬರಬೇಕು, ಕೇಳಬೇಕು, ನನಗೆ ಹೇಳಬೇಕು. ಅಷ್ಟರಲ್ಲಿ ನಾನು ಬೇರೆ ಕಡೆ ಕೆರೆಯುತ್ತಿರುತ್ತಿದ್ದೆ. ಅತ್ತೆಯ ಕೈ ಗಾಳಿಯಲ್ಲೇ ಎಡಕ್ಕೆ ಬಲಕ್ಕೆ ಆಡುತ್ತಿತ್ತು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಕೆರೆದು, ತೊಳೆದು, ಬಿರುಕಿಗೆಲ್ಲ ಗಾರೆ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿದೆವು. ಆಮೇಲೆ ಹುಳು ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತ ಬೆರೆಸಿದ ತೆಳು ಗಂಜಿಯನ್ನು ಗೋಡೆಗೆ ಕುಡಿಸಿದೆವು. ಅದು ಒಣಗಿದ ಮೇಲೆಯೇ ಕಾಗದ.

ಭಾನುವಾರ ಬಂತು. ನನಗೆ ರಜೆ, ಮೈಯಲ್ಲಿ ಹುರುಪು. ಕೊಳಾಯಿಯಲ್ಲಿ ನೀರು ಬಂದಿತ್ತು, ಜಯ ಬೀದಿಯಲ್ಲಿದ್ದಳು. ಅಟ್ಟದಲ್ಲಿ ಉಳಿದಿದ್ದ ಕಾಗದಕ್ಕೆ ಅಂಟು ಬಳಿದು ನಾನು ಏಣಿ ಹತ್ತಿದೆ. ನಿಂಗಯ್ಯ ಕೆಳಗೆ ಅಂಚು ಹಿಡಿದಿದ್ದ. ಇನ್ನೇನು ಗೋಡೆಗೆ ಒತ್ತಬೇಕು.

"ಏಯ್! ಮುಟ್ಬ್ಯಾಡಿ!"

ಏಣಿ ನಡುಗಿತೋ ನಾನು ನಡುಗಿದೆನೋ ತಿಳಿಯದು.

"ಕಣ್ಣಿಲ್ವಾ ನಿಮ್ಗೆ? ಮೂಲೇಲಿ ಇನ್ನೂವೆ ಕರ್ರಗೇ ಅದಲ್ಲ, ಒಣಗದ್ ಬ್ಯಾಡ್ವಾ? ಅದೇನ್ ಆತ್ರ ಅಳಿಯಂದ್ರೆ ನಿಮ್ದು? ಇಷ್ಟ್ ದಿನ ಕೆರ್ದಿದ್ದೆಲ್ಲ ಒಂದ್ ಗಳ್ಗೇಲಿ ಆಳ್ಮಾಡ್ಬುಡ್ತೀರಲ್ಲ! ಇಳೀರಿ ಮೊದ್ಲು! ಇಳೀರಿ ಅಂದೆ!"

ನಾನು ಇಳಿದೆ.

ನಿಂಗಯ್ಯ ಕಾಗದ ಹಿಡಿದುಕೊಂಡು ಕಲ್ಲಾಗಿದ್ದ. ಬಾಗಿಲಲ್ಲಿ ಜಯ, ಸೊಂಟದ ಮೇಲೆ ತುಂಬಿದ ಕೊಡ, ಬಾಯಿ ತೆರೆದು ನಿಂತಿದ್ದಳು. ಅತ್ತೆ ಅಂಗೈಯೂರಿ ಅರ್ಧ ಎದ್ದು ಕೂತಿದ್ದರು. ಏನು ಆಡಿದೆ, ಯಾರಿಗೆ ಆಡಿದೆ ಅನ್ನುವುದು ಆಗ ಹೊಳೆಯಿತೆಂದು ಕಾಣುತ್ತದೆ. ಮುಖ ಸಣ್ಣದಾಯಿತು, ಕೈ ಸೆರಗು ಹುಡುಕಿತು. ಈಗ ಸುಮ್ಮನಿದ್ದರೆ ಅವರು ಮತ್ತೆ ಬಾಗಿಲ ಹಿಂದೆ ಹೋಗಿಬಿಡುತ್ತಾರೆ ಎಂದು ನನಗೆ ಅನ್ನಿಸಿತು.

"ನೀವು ಹೇಳಿದ್ದೇ ಸರಿ ಅತ್ತೆ. ಎಲ್ಲಿ ಹಸಿಯಿದೆ, ತೋರಿಸಿ" ಅಂದೆ. ಜಯಾಳ ಕಡೆ ನೋಡದೆ, ನೇರವಾಗಿ ಅವರಿಗೇ.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಗೋಡೆ ನೋಡಿದರು.

"ಇಲ್ಲಿಂದ ಸರ್ಯಾಗ್ ಕಾಣಕಿಲ್ಲ. ಕೈಲಿ ಮುಟ್ಬೇಕು. ಜಯಾ, ಇಡ್ಕವ್ವ ನನ್ನ."

ಕೊಡ ಕೆಳಗಿಟ್ಟದ್ದು ಯಾವಾಗ, ಜಯ ಅವರ ಪಕ್ಕಕ್ಕೆ ಹೋದದ್ದು ಯಾವಾಗ, ನನಗೆ ಗೊತ್ತಿಲ್ಲ. ಅತ್ತೆ ಮಗಳ ಹೆಗಲು ಹಿಡಿದು ಎದ್ದರು. ಹಲ್ಲು ಕಚ್ಚಿ ಒಂದು ಹೆಜ್ಜೆ ಇಟ್ಟರು. ನಿಂತು ಉಸಿರು ತೆಗೆದುಕೊಂಡರು. ಮತ್ತೊಂದು ಇಟ್ಟರು. ಗೋಡೆಯ ಹತ್ತಿರ ಬಂದು, ಹಸುವಿನ ಮೈ ಸವರುವ ಹಾಗೆ ಅಂಗೈಯಿಂದ ಉದ್ದಕ್ಕೂ ಸವರಿದರು.

"ನಾಳೀಕ್ ಅಂಟ್ಸಿ" ಅಂದರು. ನನಗೆ!

ಎದ್ದು ಎಲ್ಲಿಗೆ ಹೋಗಬೇಕು ಎಂದಿದ್ದವರಿಗೆ ಹೋಗಲು ಒಂದು ಗೋಡೆ ಸಿಕ್ಕಿತ್ತು. ಪಾಯಸ ಮಾಡದೆ ಏನು ಮಾಡಬೇಕಿತ್ತು? ಅತ್ತೆ ಕುಡಿದರು, ಕುಡಿದು ಲೋಟ ಮುಂದೆ ಚಾಚಿ "ಇನ್ನೊಂಚೂರು ಆಕವ್ವ" ಅಂದರು. ಜಯ ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ಹೊಗೆಯಂತೆ.

ಸೋಮವಾರ ಕಾಗದ ಏರಿತು. ಇವತ್ತಿನವರೆಗೂ ಒಂದು ಅಂಚೂ ಬಿಟ್ಟಿಲ್ಲ. ರಾಮರಾಯರು ಬಂದು, ಜಾಣರು, ಬಾಗಿಲಲ್ಲೇ ನಿಂತು ಮೆಚ್ಚಿದರು. "ಹಕ್ಕಿ ಬಹಳ ಚೆನ್ನಾಗಿದೆ ಕಣ್ರೀ" ಅಂದರು. ಹಕ್ಕಿಯ ಹಿಂದಿನ ಗೋಡೆ ಯಾರಿಗೆ ಕಾಣಬೇಕು? ಅಲ್ಲಿ ನಡೆದ ಕೆಲಸವೆಲ್ಲ ಕಾಗದದ ಹಿಂದೆ ಹೋಯಿತು. ನನಗಂತೂ ಈಗ ಎಲ್ಲಿ ಹೊಸ ಸುಣ್ಣ ಕಂಡರೂ ಉಗುರಿನಿಂದ ಕೆರೆದು ನೋಡುವ ಚಪಲ. ಆಫೀಸುಗಳಲ್ಲಿ ಹೊಸ ಬೋರ್ಡು ಕಂಡರೂ, ಸಭೆಗಳಲ್ಲಿ ಹೊಸ ಟೋಪಿ ಕಂಡರೂ ಕೈ ತುರಿಸುತ್ತದೆ. ಕೆರೆಯದೆ ಬಳಿದದ್ದು ಎಷ್ಟಿದೆಯೋ! ನಮ್ಮ ಅತ್ತೆಯಂಥವರೊಬ್ಬರನ್ನು ಮಂಚ ಸಮೇತ ಒಯ್ದು ಅಲ್ಲಲ್ಲಿ ಮಲಗಿಸಬೇಕು ಅನ್ನಿಸುತ್ತದೆ.

ಆದರೆ ಅವರು ಈಗ ಮಲಗುವವರಲ್ಲ. ಇದನ್ನು ಬರೆಯುತ್ತಿರುವಾಗಲೇ ಕೋಲೂರಿಕೊಂಡು ಅಡಿಗೆಮನೆಗೆ ಹೋಗಿ ಬಂದರು. ನನ್ನ ಮೇಜಿನ ಮುಂದೆ ನಿಂತರು. "ಅಲ್ಲಿ ಗೋಡೆ ಮಸಿ ಇಡ್ದು ಕೂತದೆ. ನೀವಿಲ್ಲಿ ಗೀಚ್ತಾ ಕೂತಿದ್ದೀರಿ" ಅಂದರು. ವಾರದಲ್ಲಿ ಎರಡನೆಯ ಬೈಗುಳ! ಎದ್ದು ದೋಸೆ ಮಗುಚುವ ಕೈ ಹುಡುಕಬೇಕು, ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಅತ್ತೆ ನಿಮ್ಮನ್ನು ಇನ್ನೂ ಬೈದಿಲ್ಲವೇ? ಹಾಗಾದರೆ ಅವರು ನಿಮ್ಮ ಮನೆಯಲ್ಲಿ ಇನ್ನೂ ನೆಂಟರಾಗಿಯೇ ಇದ್ದಾರೆ, ಪಾಪ.