ಲಂಡನ್ ಟೈರು

ಮೊನ್ನೆ ಹೊಸೂರಿನಲ್ಲಿ ಟೈರಿನ ಅಂಗಡಿಗೆ ಹೋಗಿದ್ದೆ. ಕೆಲಸವಿದ್ದದ್ದು ನನ್ನ ತಮ್ಮನ ಮಗ ಗೋಪಾಲನಿಗೆ. ಕಣ್ಣಿನ ಡಾಕ್ಟರ ಹತ್ತಿರ ನನ್ನನ್ನು ತೋರಿಸಿಕೊಂಡು ಬರುವಾಗ ಅವನು ಅಲ್ಲಿ ಕಾರು ನಿಲ್ಲಿಸಿದ, ನಾನೂ ಇಳಿದೆ. ಬಾಗಿಲಲ್ಲೇ ಹೊಸ ರಬ್ಬರಿನ ವಾಸನೆ ಗಪ್ಪೆಂದು ಹೊಡೆಯಿತು. ಆ ವಾಸನೆ ನಿಮಗೂ ಗೊತ್ತಿರುತ್ತದೆ. ಕೆಲವರಿಗೆ ಅದರಿಂದ ತಲೆ ನೋಯುತ್ತದೆಯಂತೆ, ನನಗೆ ಬಲಗೈಯ ಮಣಿಕಟ್ಟು ನೋಯುತ್ತದೆ. ನನ್ನ ಮಣಿಕಟ್ಟಿಗೆ ಯಾವತ್ತೂ ಏನೂ ಆದದ್ದಿಲ್ಲ. ಆದದ್ದು ನಮ್ಮಪ್ಪನದಕ್ಕೆ.

ಅಂಗಡಿಯವರು ಎರಡು ಟೈರು ಉರುಳಿಸಿಕೊಂಡು ಬಂದು ನಿಲ್ಲಿಸಿದರು. ಒಂದು ಎಲ್ಲರಿಗೂ ಗೊತ್ತಿರುವ ದೊಡ್ಡ ಕಂಪನಿಯದು. ಇನ್ನೊಂದರ ಹೆಸರನ್ನು ನಾನಂತೂ ಕೇಳಿರಲಿಲ್ಲ, ಆದರೆ ಬೆಲೆ ಬಹಳ ಕಡಿಮೆ. ಗೋಪಾಲ ಎರಡನ್ನೂ ಬೆರಳಿನಿಂದ ಒತ್ತಿ ನೋಡಿ ನಕ್ಕುಬಿಟ್ಟ. "ನಮ್ಮ ತಾತ ಹಿಂಗೇ ಅಗ್ಗದ್ದು ನೋಡಕ್ಕೋಗಿ, ತಮ್ದೇ ಹಳೇ ಟೈರ್ನ ಹೊಸ್ದು ಅಂತ ಕೊಂಡ್ಕೊಂಡು ಬಂದಿದ್ರು ಕಣ್ರೀ!" ಎಂದ. ಅಂಗಡಿಯವರು ನಕ್ಕರು, ಟೈರಿಗೆ ಗಾಳಿ ತುಂಬುತ್ತಿದ್ದವನೂ ನಕ್ಕ.

ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಈ ಕಥೆಯನ್ನು ನೂರು ಸಲ ಹೇಳಿದ್ದಾರೆ, ನಾನೂ ಕೂತು ನಕ್ಕಿದ್ದೇನೆ. ಆದರೆ ಗುರುತಿಲ್ಲದವರು ನಮ್ಮಪ್ಪನನ್ನು ನೆನೆದು ನಗುವುದನ್ನು ಕಂಡ ಆ ಗಳಿಗೆಯಲ್ಲಿ ಒಂದು ಸಂಗತಿ ಹೊಳೆಯಿತು. ಈ ಕಥೆಯಲ್ಲಿ ನಾನು ಎಲ್ಲಿಯೂ ಇಲ್ಲ. ನನ್ನ ಹೆಸರನ್ನು ಯಾರೋ ಜೋಪಾನವಾಗಿ ಹೊರಗಿಟ್ಟಿದ್ದರು. ಅದು ಯಾರೆಂದು ಯೋಚಿಸುವ ಅಗತ್ಯವೂ ನನಗಿರಲಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾವಿದ್ದದ್ದು ಕೆಲಮಂಗಲದಲ್ಲಿ. ನಮ್ಮಪ್ಪನಿಗೆ ಒಂದು ಬಾಡಿಗೆ ಕಾರಿತ್ತು. ಕಾರೆಂದ ಕೂಡಲೇ ಈಗಿನದನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಮೇಲೆ ಕ್ಯಾನ್ವಾಸಿನ ಹೊದಿಕೆ, ಪಕ್ಕದಲ್ಲಿ ಹತ್ತಲು ಹಲಗೆ, ಮುಂದೆ ಕೈಯಿಂದ ತಿರುಗಿಸಿ ಎಂಜಿನ್ನನ್ನು ಎಬ್ಬಿಸುವ ಹ್ಯಾಂಡಲ್ಲು. ಬೆಂಗಳೂರಿನ ಯಾರೋ ಸಾಹೇಬರು ಸಾಕಾಗಿ ಬಿಟ್ಟದ್ದನ್ನು ಅಪ್ಪ ತಂದಿದ್ದ. ಹೆರಿಗೆಗೆ, ಮದುವೆಗೆ, ಕೃಷ್ಣಗಿರಿಯ ಕೋರ್ಟಿಗೆ ಎಂದು ಜನ ಕರೆಯುತ್ತಿದ್ದರು. ಅಂಚೆಟ್ಟಿ ಕಡೆಯಿಂದ ನಡೆದು ಬಂದವರು ಸಂತೆ ಮುಗಿಸಿ, ಕಾರನ್ನು ಒಂದು ಸಲ ಮುಟ್ಟಿ ನೋಡಿ ಊರಿಗೆ ಹೋಗುತ್ತಿದ್ದರು.

ಅಪ್ಪನಿಗೆ ಅಕ್ಷರ ಬಾರದು. ಕನ್ನಡ, ತೆಲುಗು, ತಮಿಳು ಮೂರನ್ನೂ ನೀರು ಕುಡಿದಂತೆ ಮಾತಾಡುತ್ತಿದ್ದ, ಮೂರಕ್ಕೂ ಹೆಬ್ಬೆಟ್ಟೇ ಒತ್ತುತ್ತಿದ್ದ. ಹಾಗಾಗಿ ನಾನು ಶಾಲೆಯಲ್ಲಿ ಕಲಿತದ್ದೆಲ್ಲ ಅವನಿಗೆ ದೊಡ್ಡ ಅಚ್ಚರಿ. ನನ್ನ ಇಂಗ್ಲಿಷು ಶುರುವಾದದ್ದು ಪುಸ್ತಕದಿಂದಲ್ಲ, ನಮ್ಮ ಕಾರಿನ ಮುಂದಿನ ಎಡಗಡೆ ಟೈರಿನಿಂದ. ಹೆಸರುವಾಸಿ ಕಂಪನಿಯ ಟೈರು ಅದು. ಪಕ್ಕದಲ್ಲಿ ಉಬ್ಬಕ್ಷರದಲ್ಲಿ ಅದರ ಹೆಸರಿತ್ತು. ಆ ಅಕ್ಷರಗಳನ್ನು ಬೆರಳಿನಿಂದ ತಿದ್ದಿ ತಿದ್ದಿ ಕಲಿತೆ. ಚಕ್ರ ಉರುಳಿ ನಿಂತ ಹಾಗೆ ಹೆಸರು ಒಂದು ದಿನ ನೆಟ್ಟಗೆ, ಇನ್ನೊಂದು ದಿನ ತಲೆಕೆಳಗು. ಕೆಲವು ಅಕ್ಷರಗಳನ್ನು ನಾನು ತಲೆಕೆಳಗಾಗಿಯೇ ಕಲಿತು ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಂಡೆ. ಬಾಡಿಗೆಗೆ ಬಂದವರೆದುರು ಅಪ್ಪ ನನ್ನನ್ನು ಕರೆದು, "ಓದವ್ವ, ಏನ್ ಬರ್ದದೆ ಓದು" ಎನ್ನುತ್ತಿದ್ದ. ನಾನು ಗಟ್ಟಿಯಾಗಿ ಓದುತ್ತಿದ್ದೆ. ಬಂದವರು ಹೋಗುವ ಊರನ್ನೇ ಮರೆತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಹೀಗೆ ನನಗೆ ಒಂದು ಕೆಟ್ಟ ಅಭ್ಯಾಸ ಹತ್ತಿತು. ಯಾರಾದರೂ ಓದು ಎಂದರೆ, ಬಾರದು ಎನ್ನುವ ಮಾತು ಬಾಯಿಂದ ಹೊರಡುತ್ತಿರಲಿಲ್ಲ. ಬಂದಷ್ಟನ್ನು ಓದಿ, ಬಾರದ ಕಡೆ ಏನಾದರೊಂದು ಸೇರಿಸಿ ಮುಗಿಸುತ್ತಿದ್ದೆ. ಮನೆಯಲ್ಲಿ ತಪ್ಪು ಹಿಡಿಯುವವರು ಯಾರಿದ್ದರು?

ಯುದ್ಧದಿಂದ ಪೆಟ್ರೋಲಿಗೆ ಕೂಪನ್ನು ಬಂತು, ಟೈರಿಗೆ ಪರ್ಮಿಟ್ಟು ಬಂತು. ನನ್ನ ಅಕ್ಷರದ ಟೈರು ಸವೆದು ಒಂದು ಕಡೆ ರಬ್ಬರಿನೊಳಗಿನ ಬಟ್ಟೆ ಕಾಣತೊಡಗಿತು. ಅಪ್ಪನ ಅಕ್ಕ, ನಮ್ಮ ಮುನಿಯತ್ತೆ, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಹಳೆಯ ಕಪಿಲೆ ಬಾನಿಯ ತೊಗಲನ್ನು ಎರಡು ಮಡಿಕೆ ಮಾಡಿ, ಕತ್ತಾಳೆ ನಾರಿನಲ್ಲಿ ಅಂಚು ಹೊಲಿದು ಕೊಟ್ಟಳು. ಅಪ್ಪ ಅದನ್ನು ಟೈರಿನ ಒಳಗಡೆ ಅಂಟಿಸಿ ಮತ್ತೆ ಮೂರು ತಿಂಗಳು ಓಡಿಸಿದ. ಕೊನೆಗೆ ಅದೂ ಆಗದೆ, ಹಳೇ ಸಾಮಾನು ಕೊಳ್ಳಲು ಬಂದವನಿಗೆ ಟೈರನ್ನು ಕೊಟ್ಟುಬಿಟ್ಟ. "ಎಕ್ಕಡ ಮಾಡ್ತಾರೆ, ಯಾರ್ದಾದ್ರೂ ಕಾಲ್ಗಾಯ್ತದೆ" ಎಂದ. ಕಾರು ಮೂರು ಚಕ್ರ ಮತ್ತು ಒಂದು ಚಪ್ಪಡಿ ಕಲ್ಲಿನ ಮೇಲೆ ಅಂಗಳದಲ್ಲಿ ನಿಂತಿತು. ಪರ್ಮಿಟ್ಟಿಗೆ ಹೊಸೂರಿನ ಆಫೀಸಿಗೆ ಅರ್ಜಿ ಹೋಯಿತು.

ಅಪ್ಪ ಕಾಯುತ್ತಿದ್ದನೇನೋ. ಕಾಯಲಾಗದೆ ಹೋದದ್ದು ನನಗೆ. ಕೃಷ್ಣಗಿರಿಯಲ್ಲಿ ಎಂಟನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಇತ್ತು. ಅದರಲ್ಲಿ ಪಾಸಾದರೆ ಟ್ರೈನಿಂಗಿಗೆ ಸೇರಿ ಮೇಷ್ಟ್ರಾಗಬಹುದು, ಇಲ್ಲವಾದರೆ ಬರುವ ವೈಶಾಖದಲ್ಲಿ ಮದುವೆ ಎಂದು ಅಮ್ಮ ಹೇಳಿಯಾಗಿತ್ತು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸನ್ನು ನಂಬಿದರೆ ಯಾವ ದಿನ ಮುಟ್ಟುತ್ತೇವೆಂದು ದೇವರಿಗೇ ಗೊತ್ತು. "ಪರ್ಮಿಟ್ ಬರೋ ಹೊತ್ಗೆ ನನ್ ಪರೀಕ್ಷೆನೇ ಮುಗ್ದೋಗಿರ್ತದೆ ಅಪ್ಪಾ" ಎಂದು ನಾನು ದಿನವೂ ಅವನನ್ನು ಗೋಳುಹೊಯ್ದುಕೊಂಡೆ. ಕೃಷ್ಣಗಿರಿಯ ಒಬ್ಬ ವ್ಯಾಪಾರಿಯ ಬಳಿ ಪರ್ಮಿಟ್ಟಿಲ್ಲದೆ, ಅರ್ಧ ಬೆಲೆಗೆ, ಯಾರೂ ಹೆಸರು ಕೇಳದ ಕಂಪನಿಯ ಟೈರು ಸಿಗುತ್ತದೆಂದು ಯಾರೋ ಹೇಳಿದರು.

ಖಾಲಿ ಚಕ್ರವನ್ನು ಬಸ್ಸಿನ ಮೇಲೆ ಹಾಕಿಕೊಂಡು ಅಪ್ಪನೂ ನಾನೂ ಹೋದೆವು. ವ್ಯಾಪಾರಿ ಬಲು ಮರ್ಯಾದಸ್ಥನಂತೆ ಮಾತಾಡಿದ. "ಜೋಡಿಸೋ ಕಷ್ಟನೂ ನಿಮ್ಗೆ ಬೇಡಣ್ಣಾ" ಎಂದು ಚಕ್ರವನ್ನು ಹಿತ್ತಲಿಗೆ ಕಳಿಸಿ, ಟೈರು ಹಾಕಿಸಿ ತಂದು ನಿಲ್ಲಿಸಿದ. ಕರ್ರಗೆ ಮಿರಮಿರ ಮಿಂಚುತ್ತಿತ್ತು. ರಸ್ತೆ ಹಿಡಿಯುವ ಗೀರುಗಳು ಆಳವಾಗಿದ್ದವು. ಅಪ್ಪ ಸುತ್ತಲೂ ನೋಡಿ, ಅಂಗಡಿಯಲ್ಲಿ ನಾಲ್ಕು ಜನ ಇರುವುದನ್ನೂ ನೋಡಿ, ಹೆಮ್ಮೆಯಿಂದ ಹೇಳಿದ:

"ಯಾವ ಕಂಪ್ನಿದು ಓದವ್ವ. ನೀನು ಹೂಂ ಅಂದ್ರೆ ತಗಂತೀನಿ."

ನಾನು ಕುಕ್ಕರುಗಾಲಿನಲ್ಲಿ ಕೂತೆ. ಹೆಸರಿರಬೇಕಾದ ಜಾಗವನ್ನು ಯಾರೋ ಅರದಿಂದ ಉಜ್ಜಿದಂತಿತ್ತು. ಅಲ್ಲೊಂದು ಅರ್ಧ ಸುತ್ತು, ಇಲ್ಲೊಂದು ಗೆರೆ ಉಳಿದಿತ್ತು. ಏನೂ ಅರ್ಥವಾಗಲಿಲ್ಲ. ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ಅಪ್ಪ ನಗುತ್ತಾ ಕಾಯುತ್ತಿದ್ದ.

"ಲಂಡನ್ ಅಂತ ಅದೆ ಅಪ್ಪಾ" ಎಂದೆ.

ಆ ಹೆಸರೇ ಯಾಕೆ ಬಂತೋ ಕಾಣೆ. ನನಗೆ ಗೊತ್ತಿದ್ದ ಪರದೇಶದ ಊರು ಅದೊಂದೇ ಇರಬೇಕು. ವ್ಯಾಪಾರಿ ಒಂದು ಕ್ಷಣ ನನ್ನ ಮುಖವನ್ನೇ ದಿಟ್ಟಿಸಿದ. ಆಮೇಲೆ, "ಹೌದೌದು, ಲಂಡನ್ ಮಾಲೇ" ಎಂದ. ಅವನ ಕಣ್ಣಿನಲ್ಲಿದ್ದದ್ದು ಏನೆಂದು ಆಗ ತಿಳಿಯಲಿಲ್ಲ. ಮೋಸಕ್ಕೆ ಜೊತೆಯೊಂದು ತಾನಾಗಿ ಸಿಕ್ಕಿದ ಖುಷಿ ಅದು.

ವಾಪಸು ಬರುವಾಗ ಬಸ್ಸಿನ ತುಂಬ ಅಪ್ಪ ಲಂಡನ್ ಟೈರಿನ ಮಾತೇ ಆಡಿದ. ದೊಡ್ಡ ಕಂಪನಿಯವರು ಬರೀ ಹೆಸರಿಗೆ ದುಡ್ಡು ಕೀಳುತ್ತಾರೆ, ರಸ್ತೆಯಲ್ಲಿ ಓಡುವುದು ರಬ್ಬರೇ ಹೊರತು ಹೆಸರಲ್ಲ ಎಂದು ಅಪರಿಚಿತರಿಗೂ ತಿಳಿಹೇಳಿದ. ನಾನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ.

ಪರೀಕ್ಷೆಯ ಬೆಳಿಗ್ಗೆ ಮುನಿಯತ್ತೆ ಕಾರಿಗೆ ಪೂಜೆ ಮಾಡಿದಳು. ನಾಲ್ಕು ಚಕ್ರಕ್ಕೂ ನೀರು ಹಾಕಿ ಒರೆಸಿ, ಅರಿಶಿನ ಕುಂಕುಮ ಇಟ್ಟು, ಕೆಳಗೆ ನಿಂಬೆಹಣ್ಣು ಇಡುವುದು ನಮ್ಮಲ್ಲಿ ಪದ್ಧತಿ. ಹೊಸ ಟೈರನ್ನು ಒರೆಸಿದವಳು ಅಂಗೈಯನ್ನು ಎತ್ತಿ ತೋರಿಸಿದಳು. ಅಂಗೈಯೆಲ್ಲ ಕಪ್ಪು.

"ಇದೇನ್ಲಾ ಇದು, ಕಾಡ್ಗೆ ಹಚ್ದಂಗೆ ಕಪ್ಪು ಬಿಡ್ತದೆ! ಹರಳೆಣ್ಣೆ ವಾಸ್ನೆ ಬೇರೆ" ಎಂದಳು ಅಪ್ಪನಿಗೆ.

ಅಪ್ಪ ನನ್ನತ್ತ ನೋಡಿದ. "ಹೊಸ ಟೈರು ಹಂಗೇ ಅತ್ತೆ, ಶೀಮೇದು" ಎಂದುಬಿಟ್ಟೆ. ಒಂದು ಸುಳ್ಳಿಗೆ ಕಾವಲಾಗಿ ಎರಡನೆಯದು ಎಷ್ಟು ಸಲೀಸಾಗಿ ಬಂತೆಂದು ಈಗ ನೆನೆದರೂ ದಂಗಾಗುತ್ತೇನೆ.

ಅಪ್ಪ, ಅತ್ತೆ, ನಾನು ಮೂವರೂ ಹೊರಟೆವು. ರಾಯಕೋಟೆ ದಾಟಿ ಇಳಿಜಾರಿನಲ್ಲಿ ಹೋಗುವಾಗ ಢಂ ಎಂದು ಸದ್ದಾಯಿತು. ಕಾರು ಎಡಕ್ಕೆ ಎಳೆದುಕೊಂಡು ಹೋಯಿತು. ಪಕ್ಕದಲ್ಲಿ ಹಳ್ಳವಿತ್ತು. ಅಪ್ಪ ಸ್ಟೇರಿಂಗ್ ಚಕ್ರವನ್ನು ಹೇಗೆ ಬಲಕ್ಕೆ ತಿರುವಿದನೋ, ಕಾರು ರಸ್ತೆಯಂಚಿನ ಗುಂಡುಕಲ್ಲಿಗೆ ಬಡಿದು ನಿಂತಿತು. ನನಗೂ ಅತ್ತೆಗೂ ಗೀರು ಗಾಯ. ಅಪ್ಪ ಇಳಿದು ನಿಂತಾಗ ಅವನ ಬಲಗೈ ಮಣಿಕಟ್ಟಿನಿಂದಾಚೆಗೆ ಬೇರೆ ಯಾರದೋ ಕೈಯ ಹಾಗೆ ಜೋತಾಡುತ್ತಿತ್ತು. ನಾನು ಚೀರಿದೆ. ಅವನು, "ಏನಿಲ್ಲ ಕಣವ್ವ, ಏನಿಲ್ಲ" ಎನ್ನುತ್ತಾ ಎಡಗೈಯಲ್ಲಿ ನನ್ನ ತಲೆ ಮುಟ್ಟಿ ನೋಡಿದ.

ಟೈರು ಬಾಯಿಬಿಟ್ಟುಕೊಂಡು ಬಿದ್ದಿತ್ತು. ಅತ್ತೆ ಅದರ ಹತ್ತಿರ ಕೂತು, ಹರಿದ ಜಾಗದೊಳಗೆ ಕೈ ಹಾಕಿ, ಏನನ್ನೋ ಸವರಿದಳು. ಮತ್ತೆ ಸವರಿದಳು. ಆಮೇಲೆ ಎಳೆದು ಹೊರಗೆ ತೆಗೆದಳು. ಎರಡು ಮಡಿಕೆಯ ತೊಗಲಿನ ತುಂಡು, ಅಂಚಿಗೆ ಕತ್ತಾಳೆ ನಾರಿನ ಹೊಲಿಗೆ.

"ಇದು ನಾನಾಕಿದ್ ಹೊಲ್ಗೆ ಕಣ್ಲಾ" ಎಂದಳು. "ಇದು ನಮ್ ಟೈರು!"

ಅಪ್ಪ ನಂಬಲಿಲ್ಲ. ಬಗ್ಗಿ ನೋಡಿದ. ನಾನೂ ನೋಡಿದೆ. ಬಿದ್ದ ರಭಸಕ್ಕೆ ಮಸಿ ಕಿತ್ತುಹೋಗಿತ್ತು. ಅರದಿಂದ ಉಜ್ಜಿದ ಜಾಗದಲ್ಲಿ ಉಳಿದಿದ್ದ ಆ ಅರ್ಧ ಸುತ್ತು, ಆ ಗೆರೆ ಈಗ ಸ್ಪಷ್ಟವಾಗಿ ಕಂಡವು. ವರ್ಷಗಟ್ಟಲೆ ಬೆರಳಿನಿಂದ ತಿದ್ದಿದ ಅಕ್ಷರ ಅವು. ಸವೆದ ಟೈರಿಗೆ ಕಾದ ಕತ್ತಿಯಿಂದ ಹೊಸ ಗೀರು ಕೊರೆದು, ಹೆಸರು ಉಜ್ಜಿ, ಕಾಡಿಗೆ ಹರಳೆಣ್ಣೆ ಬಳಿದು ನಮಗೇ ಮಾರಿದ್ದರು. ಅಕ್ಷರ ಬಾರದ ಅತ್ತೆ ತನ್ನ ಹೊಲಿಗೆಯನ್ನು ಗುರುತು ಹಿಡಿದಳು. ಓದಿದವಳು ನಾನು, ನನ್ನ ಅಕ್ಷರವನ್ನು ಗುರುತು ಹಿಡಿಯಲಿಲ್ಲ.

ಅಪ್ಪ ಟೈರಿನಿಂದ ಮುಖವನ್ನೆತ್ತಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ.

"ಹಂಗಾದ್ರೆ ಲಂಡನ್ ಅಂತ ಎಲ್ಲಿತ್ತವ್ವಾ?"

ಅವನ ಮುರಿದ ಕೈಗಿಂತಲೂ ಆ ಪ್ರಶ್ನೆ ನನ್ನನ್ನು ಹೆದರಿಸಿತು. ಕೊನೆಗೆ ಅವನೇ, "ಸರಿ ಬುಡು. ಟೇಮಾಯ್ತದೆ" ಎಂದು ಬೇರೆ ಕಡೆ ತಿರುಗಿದ.

ಹಿಂದಿನಿಂದ ಇದ್ದಿಲ ಬಸ್ಸು ಬಂತು. ಅತ್ತೆ ರಸ್ತೆಯ ನಡುವೆ ಕೈ ಚಾಚಿ ನಿಂತು ನಿಲ್ಲಿಸಿ, ನನ್ನನ್ನು ಹತ್ತಿಸಿದಳು. ಹುಣಸೆಹಣ್ಣು ಹೇರಿಕೊಂಡು ಹೋಗುತ್ತಿದ್ದ ಗಾಡಿಯವರು ಅಪ್ಪನನ್ನು ರಾಯಕೋಟೆಗೆ ಕರೆದುಕೊಂಡು ಹೋದರು. ಪರೀಕ್ಷೆ ಬರೆದೆ. ಹೇಗೆ ಬರೆದೆನೋ ತಿಳಿಯದು, ಪಾಸಾದೆ. ಅಪ್ಪನ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಹ್ಯಾಂಡಲ್ಲು ತಿರುಗಿಸಲು ಅವನಿಂದ ಮತ್ತೆ ಆಗಲೇ ಇಲ್ಲ.

ಪರೀಕ್ಷೆಯಾಗಿ ಇಪ್ಪತ್ತು ದಿನಕ್ಕೆ ಹೊಸೂರಿನ ಆಫೀಸಿನಿಂದ ಲಕೋಟೆ ಬಂತು. ನಾನು ಜಗಲಿಯಲ್ಲೇ ಕೂತಿದ್ದೆ. ಮನೆಗೆ ಬಂದ ಒಂದು ತುಂಡು ಕಾಗದವನ್ನೂ ಅಪ್ಪ ನನಗೆ ಕೊಡದೆ ಇದ್ದದ್ದಿಲ್ಲ. ಅವತ್ತು ಲಕೋಟೆಯನ್ನು ಎಡಗೈಯಲ್ಲಿ ಹಿಡಿದು, ನನ್ನ ಮುಂದೆಯೇ ಹಾದು, ಓದಿಸಿಕೊಂಡು ಬರಲು ಅಂಚೆ ಕಚೇರಿಯ ಕಡೆಗೆ ನಡೆದುಬಿಟ್ಟ. ಅವನು ನನಗೆ ನಾಲ್ಕು ಬಾರಿಸಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮರೆಯಾಗುವವರೆಗೆ ಆ ಬೆನ್ನನ್ನೇ ನೋಡುತ್ತಾ ಕೂತೆ.

ಅರ್ಧ ಗಂಟೆಯಲ್ಲಿ ವಾಪಸು ಬಂದ. ಪೋಸ್ಟ್ ಮಾಸ್ಟರು ಊರಿನಲ್ಲಿರಲಿಲ್ಲವಂತೆ. ಜಗಲಿಯ ಆಚೆ ತುದಿಯಲ್ಲಿ ಬಹಳ ಹೊತ್ತು ಕೂತಿದ್ದು, ಕೊನೆಗೆ ಲಕೋಟೆಯನ್ನು ನನ್ನ ಮಡಿಲಿಗೆ ಹಾಕಿದ.

ಟೈರಿನ ಪರ್ಮಿಟ್ಟು. ಓದುತ್ತಾ ಹೋದೆ. ನಡುವೆ ಒಂದು ಉದ್ದನೆಯ ಪದ ಬಂತು. ನಾಲಿಗೆಯ ತುದಿಯಲ್ಲಿ ಸುಳ್ಳು ಸಿದ್ಧವಾಗಿತ್ತು.

"ಈ ಪದ ನಂಗೊತ್ತಿಲ್ಲ ಅಪ್ಪಾ" ಎಂದೆ. "ಅವತ್ತೂ ಗೊತ್ತಿರ್ಲಿಲ್ಲ."

"ಗೊತ್ತಿಲ್ವಾ?"

"ಇಲ್ಲ."

ಅಪ್ಪ ನನ್ನ ಹತ್ತಿರ ಸರಿದು ಕೂತ. "ಸರಿ. ಅದ ಬುಟ್ಟು, ಗೊತ್ತಿರಾದ ಓದವ್ವ" ಎಂದ.

ಅಂಗಡಿಯಲ್ಲಿ ನಿಂತೇ ಇಷ್ಟನ್ನೂ ಗೋಪಾಲನಿಗೆ ಹೇಳಿದೆ. ಯಾವ ಟೈರು ಕೊಳ್ಳಬೇಕೆಂಬುದು ಅವನಿಗೂ ಮರೆತುಹೋಗಿತ್ತು, ಅಂಗಡಿಯವರಿಗೂ ಮರೆತುಹೋಗಿತ್ತು. ಮೂವತ್ತು ವರ್ಷ ಶಾಲೆಯ ಹೆಡ್‌ಮಿಸ್ ಆಗಿದ್ದ ನನ್ನನ್ನು ಗೋಪಾಲ ಹೊಸದಾಗಿ ನೋಡುವಂತೆ ನೋಡಿದ.

"ತಾತ ಒಂದ್ ದಿನಾನೂ ನಿಮ್ ಹೆಸ್ರು ಹೇಳ್ಲಿಲ್ವಲ್ಲ ಅತ್ತೆ. ಅಗ್ಗದ ಆಸೆಗೆ ನಾನೇ ಬಿದ್ದೋದೆ ಅಂತ್ಲೇ ಹೇಳೋರು. ನಾವು ನಗೋವು."

"ಹೌದು ಕಣಪ್ಪ" ಎಂದೆ. "ಮೇಷ್ಟ್ರಮ್ಮ ಓದಿದ್ದು ಸುಳ್ಳು ಅಂತ ಊರ್ಗೆ ಗೊತ್ತಾದ್ರೆ, ನನ್ ಹತ್ರ ಮಕ್ಳನ್ನ ಯಾರು ಕಳ್ಸೋರು? ಅದ್ಕೇ ಅಪ್ಪ ಸಾಯೋಗಂಟ ಎಲ್ರತ್ರ ನಗಿಸ್ಕೊಂಡ."