ಪ್ರಣೀತಾಳ ಹೆಗಲಿಗೆ ಹೊಂದುವ ರೈಫಲ್

ಮುಂಬೈಯ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದಾಗ ಸೀನನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಈಗ ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ. ತಲೆ ಮುಕ್ಕಾಲು ನರೆತಿದೆ. ನಡುವೆ ಒಂದೆರಡು ಸಲ ಮದುವೆಯ ಮಾತು ಎದ್ದು ಹಾಗೆಯೇ ತಣ್ಣಗಾಯಿತು. ಹೋಟೆಲಿನ ಮೇಜುಗಳನ್ನೇ ಜೋಡಿಸಿ ಮಲಗುತ್ತಿದ್ದ ಕಾಲದಲ್ಲಿ ಊರಿಂದ ಫೋನ್ ಬಂದರೆ "ಎಲ್ಲ ಸರಿ ಉಂಟು" ಅನ್ನುತ್ತಿದ್ದ. ಟೈಫಾಯ್ಡ್ ಹಿಡಿದು ಒಬ್ಬನೇ ಬಿದ್ದುಕೊಂಡಿದ್ದಾಗಲೂ ಅದನ್ನೇ ಅಂದ. ಕ್ರಮೇಣ ಅವನನ್ನು ಏನಾದರೂ ಕೇಳಬೇಕೆಂಬುದೇ ಜನರಿಗೆ ಮರೆತುಹೋಯಿತು.

ಅಂಧೇರಿಯ ಚಾಳಿನಲ್ಲಿದ್ದ ಅವನ ಖೋಲಿಗೆ ಪ್ರಣೀತಾ ಬಂದದ್ದು ಅವಳ ತಾಯಿ ರಾಜೀವಿ ತೀರಿಕೊಂಡ ಮೇಲೆ. ರಾಜೀವಿ ಸೀನನ ತಂಗಿ. ಹುಡುಗಿಗೆ ತಂದೆ ಮೊದಲೇ ಇರಲಿಲ್ಲ. ಮಾಮ ಮಾಡಿದ ಗಂಜಿಯನ್ನು ಸದ್ದಿಲ್ಲದೆ ಉಣ್ಣುತ್ತಿದ್ದಳು, ತಟ್ಟೆ ತಾನೇ ತೊಳೆದಿಡುತ್ತಿದ್ದಳು. ಏನು ಕೇಳಿದರೂ, ನಡೆಯುತ್ತದೆ ಎನ್ನುವ ಮುಂಬೈಯ ಮಕ್ಕಳ ಆ ಒಂದೇ ಮಾತು: "ಚಲೇಗಾ, ಮಾಮ." ಚಪ್ಪಲಿ ಬಿಗಿಯಾ? ಚಲೇಗಾ. ಫ್ಯಾನ್ ಸಾಕಾ? ಚಲೇಗಾ. ಎಂಥ ಒಳ್ಳೆಯ ಮಗು, ಹಠವೇ ಇಲ್ಲ ಎಂದು ಸೀನ ತಿಳಿದಿದ್ದ.

ಶಾಲೆಯಿಂದ ಕರೆದೊಯ್ದಿದ್ದಾಗ ದಾದರಿನ ಶೂಟಿಂಗ್ ಕ್ಲಬ್ಬಿನಲ್ಲಿ ಏರ್ ರೈಫಲ್ ಹಿಡಿದವಳು ಅದನ್ನೇ ಹಚ್ಚಿಕೊಂಡಳು. ಮಾತು ಬೇಡದ ಆಟ. ಅಲ್ಲಿನ ಕೋಚ್ ಅಕೀಲ ವಿಜಯಪುರದ ಕಡೆಯವರು. ಸೀನನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಒಂದು ಭಾನುವಾರ ಅವನನ್ನು ಕರೆಸಿದರು.

"ಹುಡುಗಿ ಕೈ ಛಲೋ ಐತ್ರಿ. ಆದ್ರ ಗುಂಡು ಒಮ್ಮೆ ಮ್ಯಾಲೆ, ಒಮ್ಮೆ ಕೆಳಗ ಹೊಂಟಾವ. ಕ್ಲಬ್ಬಿನ ಸ್ಟಾಕ್ ದೊಡ್ಡವರ ಮೈಗೆ ಮಾಡಿದ್ದು. ಹಿಂದು ಮುಂದು ಜರುಗಿಸೂ ಅಂಥಾದ್ದು ಈಕಿಗೆ ಬೇಕು."

ಸ್ಟಾಕ್ ಅಂದರೆ ರೈಫಲ್ಲಿನ ಹಿಂಭಾಗ, ಹೆಗಲಿಗೆ ಆನಿಸಿ ಕೆನ್ನೆ ಒರಗಿಸುವ ಕಡೆ. ಅಕೀಲ ಎರಡನ್ನು ತರಿಸಿಟ್ಟಿದ್ದರು. ಒಂದು ಕೆಂಪು ಬಣ್ಣದ ಲೋಹದ್ದು, ಥಳಥಳ ಹೊಸದು. ಇನ್ನೊಂದು ಮರದ್ದು, ಯಾರೋ ಬಳಸಿ ಬಿಟ್ಟದ್ದು, ಕೆನ್ನೆ ತಾಗುವಲ್ಲಿ ಬಣ್ಣ ಮಾಸಿತ್ತು.

ಸೀನನ ಕೈ ಸೀದಾ ಕೆಂಪಿನದಕ್ಕೆ ಹೋಯಿತು. "ಬೆಳೆಯುವ ಹುಡುಗಿ ಅಲ್ವಾ ಸರ್, ಸ್ವಲ್ಪ ದೊಡ್ಡದೇ ಇರ್ಲಿ. ಮುಂದಕ್ಕೆ ಆಗ್ತದೆ." ಯೂನಿಫಾರ್ಮ್ ಕೊಳ್ಳುವಾಗಲೂ ಅವನ ಲೆಕ್ಕ ಇದೇ.

ಅಕೀಲ ಅದನ್ನು ರೈಫಲ್ಲಿಗೆ ಜೋಡಿಸಿ, ತಿರುಪು ತಿರುಗಿಸಿ ಆದಷ್ಟೂ ಗಿಡ್ಡ ಮಾಡಿ ಕೊಟ್ಟರು. "ಕಣ್ಣ ಮುಚ್ಚವ್ವಾ. ಆರಾಮ ಹೆಗಲಿಗಿ ಇಟ್ಕೊ. ಕೆನ್ನಿ ಒರಗಸು. ಈಗ ಕಣ್ಣ ತಗಿ. ಗುರಿ ನೋಡೂ ತೂತು ಕಣ್ಣಿನ ಮುಂದನ ಐತೋ ಇಲ್ಲೋ?"

ಪ್ರಣೀತಾ ಕಣ್ಣು ತೆರೆದಳು. ಕೂಡಲೇ ತೂತಿಗೆ ಕಣ್ಣು ಎಟುಕಿಸಲು ಕುತ್ತಿಗೆ ಚಾಚಿ ಮುಖ ಮುಂದಕ್ಕೆ ತಳ್ಳಿದಳು. ಹೆಗಲು ಹಿಂದಕ್ಕೆ ಹೋಯಿತು, ಸೊಂಟ ಬಳುಕಿತು.

"ಚಲೇಗಾ," ಅಂದಳು.

ಸೀನ ಪಕ್ಕದಲ್ಲೇ ನಿಂತಿದ್ದ. ಅವಳ ಕುತ್ತಿಗೆಯ ನರ ಬಿಗಿದಿತ್ತು, ಕೆಳತುಟಿ ಹಲ್ಲಿನಡಿ ಸಿಕ್ಕಿತ್ತು. ನೋವು ನುಂಗಿಕೊಂಡು ಸರಿ ಇದೆ ಎನ್ನುವ ಮುಖ ಹೊರಗಿನಿಂದ ಹೇಗೆ ಕಾಣುತ್ತದೆಂದು ಅವನು ಇದುವರೆಗೆ ನೋಡಿರಲಿಲ್ಲ. ಇಷ್ಟು ವರ್ಷ ಒಂದೇ ಖೋಲಿಯಲ್ಲಿ ಇಬ್ಬರೂ ಹೀಗೇ ಇದ್ದೆವಲ್ಲ ಅನ್ನಿಸಿತು.

"ಪ್ರಣೀ, ಚಲೇಗಾ ಬೇಡ ಮಾರಾಯ್ತಿ. ನನ್ಗೆ ಬೇಜಾರಾದೀತು ಅಂತ ಹೆದರಿ ಹಾಗೆ ಹೇಳ್ಬೇಡ. ನೋವು ಉಂಟಾ?"

ಅವಳು ರೈಫಲ್ಲನ್ನು ಮೇಜಿನ ಮೇಲಿಟ್ಟಳು.

"ಉಂಟು," ಅಂದಳು. "ಗರ್ದನ್ ಬಹುತ್... ಕುತ್ತಿಗೆ ನೋವಾಗ್ತದೆ."

"ಯಾವಾಗಿನಿಂದ?"

"ಪೆಹಲೆ ಸೆ, ಮೊದ್ಲಿನಿಂದ್ಲೇ. ಕ್ಲಬ್‌ದು ರೈಫಲ್ ಇದೆಯಲ್ಲ, ಅದ್ರಿಂದ." ಆಮೇಲೆ, ಮಾತು ಒಮ್ಮೆ ಹೊರಟಿದ್ದಕ್ಕೋ ಏನೋ, "ಮಾಮ, ಚಾಳ್ ಮೇ ಸಂಜೆ ಒಬ್ಳೇ ಇರ್ಲಿಕ್ಕೆ ನಂಗೆ ಇಷ್ಟ ಇಲ್ಲ," ಅಂದು ಅತ್ತುಬಿಟ್ಟಳು.

ಅಕೀಲ ನೀರು ತರುವ ನೆಪದಲ್ಲಿ ಆಚೆ ಹೋದರು. ಸೀನನಿಗೆ ಸಮಾಧಾನ ಮಾಡಲು ಬರಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತ, ಅಷ್ಟೇ.

ಅಕೀಲ ಮರಳಿ ಬಂದು ಮರದ ಸ್ಟಾಕನ್ನು ಜೋಡಿಸಿ ಕೊಟ್ಟಾಗ ಅವಳು ಮತ್ತೆ ಕಣ್ಣು ಮುಚ್ಚಿದಳು. ಅಕೀಲ ಹೆಗಲಿಗೆ ತಾಗುವ ತುದಿಯನ್ನು ಒಳಕ್ಕೆ ಸರಿಸಿದರು, ಕೆನ್ನೆಯ ಹಲಗೆಯನ್ನು ಚೂರುಚೂರೇ ಮೇಲೆತ್ತಿದರು. "ಇನ್ನೂ," ಅಂದಳು. "ಇನ್ನೂ ಸ್ವಲ್ಪ. ಬಸ್, ಸಾಕು." ಕಣ್ಣು ತೆರೆದಾಗ ತೂತು ಕಣ್ಣಿನ ನೇರಕ್ಕೇ ಇತ್ತು. ತಲೆ ನೆಟ್ಟಗೆ, ಕುತ್ತಿಗೆ ಸಡಿಲ.

"ಇದನ್ನ ಈಕಿ ಬೆಳದಂಗ ಉದ್ದ ಮಾಡಬಹುದ್ರಿ," ಅಂದರು ಅಕೀಲ.

ಸೀನ ಹೋಟೆಲಿನ ಧಣಿಗಳ ಬಳಿ ಮಾತಾಡಿ ಬೆಳಗಿನ ಪಾಳಿ ಹಿಡಿದ, ಸಂಜೆ ಮನೆಯಲ್ಲಿರತೊಡಗಿದ. ಆದರೆ ಅಷ್ಟರಲ್ಲಿ ಪ್ರಣೀತಾಳ ಸಂಜೆಗಳು ತುಂಬಿಕೊಂಡಿದ್ದವು. ಗುಂಡುಗಳು ಒತ್ತಟ್ಟಿಗೆ ಬೀಳತೊಡಗಿದ ಮೇಲೆ ಕ್ಲಬ್ಬಿನ ತಂಡಕ್ಕೆ ಸೇರಿಸಿಕೊಂಡರು, ಗೆಳತಿಯರಾದರು, ನಿತ್ಯ ಅಭ್ಯಾಸ ಶುರುವಾಯಿತು. ಶಾಲೆಗಳ ಪಂದ್ಯದಲ್ಲಿ ನಾಲ್ಕನೆಯವಳಾದಳು. ಪದಕ ಬರಲಿಲ್ಲವೆಂದು ಎಲ್ಲರೆದುರೇ ಸಿಟ್ಟು ಮಾಡಿದಳು. ಸೀನನಿಗೆ ಆ ಸಿಟ್ಟು ನೋಡಿ ಒಳಗೊಳಗೇ ಖುಷಿಯಾಯಿತು.

ಒಂಟಿ ಸಂಜೆಗಳಲ್ಲಿ ಅವನು ಒಮ್ಮೊಮ್ಮೆ ಲೋಕಲ್ ಹತ್ತಿ ದಾದರಿಗೆ ಹೋಗುತ್ತಾನೆ. ಮನೆಯವರನ್ನು ಒಳಗೆ ಬಿಡುವುದಿಲ್ಲ. ಹೊರಗಿನ ಕಲ್ಲುಬೆಂಚಿನಲ್ಲಿ ಕೂತರೆ ಗೋಡೆಯಾಚೆಯಿಂದ ಟಪ್, ಟಪ್ ಎಂದು ಕೇಳುತ್ತದೆ. ಅದರಲ್ಲಿ ಪ್ರಣೀತಾಳದ್ದು ಯಾವುದೋ ಅವನಿಗೆ ತಿಳಿಯದು. ಆದರೂ ಒಂದೊಂದು ಸದ್ದಿಗೂ ಕಿವಿಗೊಟ್ಟು ಕೂರುತ್ತಾನೆ.